ಮೊಮ್ಮಕ್ಕಳ ಮೇಲೆ ಅಜ್ಜ-ಅಜ್ಜಿಯರಿಗೆ ಉಳ್ಳ ಹಕ್ಕು

(ಶ್ರೀಮಠದ ಮಹೋತ್ಸವದ ಅಂಗವಾಗಿ ಬಾಗಳಿಯಲ್ಲಿ ಕೂಡಿದ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ನಾಲ್ಕು ಮಾತನಾಡಬೇಕೆಂದು ಶ್ರೀ ಸನ್ನಿಧಿಯವರಿಂದ ಅಪ್ಪಣೆಯಾದಾಗ, ಶಾಸ್ತ್ರವನ್ನಾಗಲಿ ಶಿವಾನುಭವವನ್ನಾಗಲಿ ಕುರಿತು ಮಾತನಾಡುವ ಯೋಗ್ಯತೆ ನನಗಿಲ್ಲವೆಂದು ಅರಿಕೆ ಮಾಡಿಕೊಂಡೆನು. ಅದಕ್ಕೆ ಅವರು, "ನೀವು ಬಲ್ಲುದನ್ನೇ ಹೇಳಿರಿ. ಈಚೆಗೆ ಮಠಕ್ಕೆ ಬರುವ ಮುದುಕರು ಮಳೆಬೆಳೆಯ ಮಾತಿಗಿಂತ ಹೆಚ್ಚಾಗಿ ಮೊಮ್ಮಕ್ಕಳ ಮಾತನ್ನೇ ಹೇಳಿಕೊಂಡು ಕಣ್ಣೀರಿಡುತ್ತಾರೆ. ಮಗ-ಸೊಸೆ ಬೇರೆಯಾದರು, ಮಗಳು-ಅಳಿಯ ಬೇರೆಯಾದರು, ಕೂಸಿನ ಮುಖ ಕಾಣದಾಯಿತು ಎನ್ನುತ್ತಾರೆ. ಅಂಥವರಿಗೆ ಕಾಯಿದೆಯಲ್ಲಿ ಏನುಂಟು, ಏನಿಲ್ಲ ಎಂಬುದನ್ನು ತಿಳಿಯಹೇಳಿರಿ" ಎಂದರು. ವಕೀಲಿ ವೃತ್ತಿಯಲ್ಲಿ ಬಹುಕಾಲ ಕಳೆದವನಾದುದರಿಂದ ಈ ಆಜ್ಞೆಯನ್ನು ಶಿರಸಾವಹಿಸಿ ನಿಂತಿದ್ದೇನೆ.

ನಮ್ಮ ಸೀಮೆಯಲ್ಲಿ ಮಠದ ಸ್ವಾಮಿಗಳನ್ನು ಅಜ್ಜಯ್ಯನೆಂದೂ ಅಜ್ಜಾರೆಂದೂ ಕರೆಯುವ ರೂಢಿಯುಂಟು. ಎಲ್ಲರಿಗಿಂತ ಪೂಜ್ಯರಾದವರಿಗೆ ನಮ್ಮ ಜನರು ಇಟ್ಟ ಹೆಸರು ತಂದೆಯ ಹೆಸರಲ್ಲ, ಅಜ್ಜನ ಹೆಸರು. ಇದಕ್ಕೆ ಕಾರಣವಿರಬೇಕು. ತಂದೆಯಲ್ಲಿ ಮಮತೆಯೊಡನೆ ಅಧಿಕಾರವೂ ಉಂಟು. ಅಜ್ಜನಲ್ಲಿ ಅಧಿಕಾರವು ಸವೆದು ಮಮತೆ ಮಾತ್ರ ಉಳಿದಿರುತ್ತದೆ. ಈ ಭೇದವನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು. ಏತಕ್ಕೆಂದರೆ, ನಾನು ಇಂದು ಹೇಳಬೇಕಾದ ಕಾಯಿದೆಯ ತಿರುಳೂ ಇದರಲ್ಲಿಯೇ ಅಡಗಿದೆ.

ನಾವು ಕುಳಿತಿರುವ ಈ ಬಾಗಳಿ ಪುರಾತನವಾದ ಊರು. ಶಾಸನಗಳಲ್ಲಿ ಇದರ ಹೆಸರು ಬಾಳ್ಗುಳಿ. ಇಲ್ಲಿಯ ಕಲ್ಲೇಶ್ವರ ದೇವಾಲಯವು ರಾಷ್ಟ್ರಕೂಟರ ಕೊನೆಗಾಲದಿಂದ ಕಲ್ಯಾಣದ ಚಾಲುಕ್ಯರ ಕಾಲಕ್ಕೆ, ಅಂದರೆ ಕ್ರಿ. ಶ. 987ರ ಸುಮಾರಿನ ಎರಡನೆಯ ತೈಲಪನ ಆಳ್ವಿಕೆಗೆ, ಬೆಳೆದು ಬಂದುದು. ದಾನಶಾಸನಗಳ ಪದ್ಧತಿಯನ್ನು ತಾವು ಬಲ್ಲಿರಿ. ಇಂಥ ಭೂಮಿ, ಇಷ್ಟು ಅಳತೆ, ಇಂತಿಂಥ ಎಲ್ಲೆ, ಕೊಟ್ಟವರು ಯಾರು, ಕೊಂಡವರು ಯಾರು, ಅಳುಪಿದವರಿಗೆ ಯಾವ ಪಾಪ, ಇವೆಲ್ಲವೂ ಕಲ್ಲಿನ ಮೇಲೆ ನಿಂತಿರುವುವು. ಭೂಮಿಗೆ ಹೀಗೆ ಎಲ್ಲೆ ಕಟ್ಟಬಹುದು. ಆದರೆ ಕೂಸಿಗೆ ಎಲ್ಲೆ ಕಟ್ಟಲು ಬಾರದು. ನ್ಯಾಯಸ್ಥಾನಕ್ಕೆ ಬರುವ ನಮ್ಮ ಹಿರಿಯರಲ್ಲಿ ಅನೇಕರು ಮೊಮ್ಮಗನನ್ನು ಕುರಿತು ಹೊಲವನ್ನು ಕುರಿತಂತೆ ಮಾತನಾಡುತ್ತಾರೆ. "ನಮ್ಮ ವಂಶದ ಕುಡಿ, ನಮಗೆ ಸೇರತಕ್ಕದ್ದು" ಎನ್ನುತ್ತಾರೆ. ಈ ಮಾತಿನ ಹಿಂದಿರುವ ಸಂಕಟ ನಿಜವಾದುದು. ಮಾತು ಮಾತ್ರ ಕಾಯಿದೆಯ ಮುಂದೆ ನಿಲ್ಲುವುದಿಲ್ಲ.

ಆ ಸಂಕಟವನ್ನು ಮೊದಲು ನೋಡೋಣ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗುವುದು ವಾಡಿಕೆ. ಬಾಣಂತನವನ್ನು ಮಾಡುವವಳು ತಾಯಿಯ ತಾಯಿ. ತೊಟ್ಟಿಲಿಗೆ ಹಾಕುವಾಗ ಎರಡೂ ಮನೆಯ ಹಿರಿಯರು ಕೂಡುತ್ತಾರೆ. ಕೂಸಿಗೆ ಲಿಂಗಧಾರಣೆ ಮಾಡಿಸಲು ಮಠಕ್ಕೆ ಎತ್ತಿಕೊಂಡು ಬರುವವರು ಬಹುಮಟ್ಟಿಗೆ ಅಜ್ಜಿಯರೇ. ತಂದೆತಾಯಿಗಳು ಬೆಂಗಳೂರಿಗೋ ದಾವಣಗೆರೆಗೋ ದುಡಿಯಲು ಹೋದರೆ ಕೂಸು ಮೂರು ನಾಲ್ಕು ವರ್ಷ ಊರಿನಲ್ಲಿಯೇ ಬೆಳೆಯುವುದುಂಟು. ಅದರ ಹಣೆಗೆ ಮೊದಲ ವಿಭೂತಿಯನ್ನು ಹಚ್ಚಿದವಳು, ಅದಕ್ಕೆ ಮೊದಲ ಮಾತನ್ನು ಕಲಿಸಿದವಳು ಅಜ್ಜಿ. ಹೀಗಿರುವಾಗ ಗಂಡಹೆಂಡಿರಲ್ಲಿ ವಿರಸವುಂಟಾಗಿ ವಿಚ್ಛೇದನವಾದರೆ, ತೀರ್ಪಿನ ಕಾಗದದಲ್ಲಿ ಗಂಡನ ಹೆಸರಿರುತ್ತದೆ, ಹೆಂಡತಿಯ ಹೆಸರಿರುತ್ತದೆ, ಮಗುವಿನ ಹೆಸರಿರುತ್ತದೆ. ಅಜ್ಜಿಯ ಹೆಸರು ಇರುವುದಿಲ್ಲ. ಸೋದರಸಂಬಂಧದ ಮದುವೆಯಾದ ಮನೆಗಳಲ್ಲಂತೂ ಬೀಗರೇ ಅಣ್ಣತಂಗಿಯರಾಗಿರುತ್ತಾರೆ. ಅಲ್ಲಿ ಒಂದು ವಿಚ್ಛೇದನದಿಂದ ಇಡೀ ಬಳಗವೇ ಎರಡಾಗುವುದು. ಹಿರಿಯರು ತಮ್ಮದಲ್ಲದ ಜಗಳಕ್ಕೆ ತಾವು ದಂಡ ತೆತ್ತಂತಾಗುವುದು.

ಇನ್ನು ಕಾಯಿದೆಯ ವಿಚಾರ. ಮೊದಲು ಕಹಿಯಾದ ಮಾತನ್ನೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ, ವಿಚ್ಛೇದನದ ತರುವಾಯ ಅಜ್ಜ-ಅಜ್ಜಿಯರು ಮೊಮ್ಮಕ್ಕಳನ್ನು ಕಾಣುವ ಹಕ್ಕುಳ್ಳವರೆಂದು ಸ್ಪಷ್ಟವಾಗಿ ಸಾರುವ ಒಂದು ಕಲಮೂ ನಮಗೆ ಅನ್ವಯಿಸುವ ಕಾಯಿದೆಗಳಲ್ಲಿ ಇಲ್ಲ. ಹಾಗೆಂದು ದಾರಿಯೇ ಇಲ್ಲವೆಂದೂ ಅರ್ಥವಲ್ಲ. ದಾರಿಯುಂಟು; ಆದರೆ ಅದು ಹಿರಿಯರ ಹಕ್ಕಿನ ಬಾಗಿಲಿನಿಂದ ಹೋಗುವುದಿಲ್ಲ, ಮಗುವಿನ ಹಿತದ ಬಾಗಿಲಿನಿಂದ ಹೋಗುತ್ತದೆ.

ಈ ವಿಷಯದಲ್ಲಿ ನಾಲ್ಕು ಕಾಯಿದೆಗಳನ್ನು ತಿಳಿದಿದ್ದರೆ ಸಾಕು. ಮೊದಲನೆಯದು, ವಕೀಲರು ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಎಂದು ಕರೆಯುವ 1890ರ ಸಂರಕ್ಷಕರ ಕಾಯಿದೆ. ಆಗ ನಮ್ಮ ಹರಪನಹಳ್ಳಿ ಸೀಮೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. 1953ರಲ್ಲಿ ನಾವು ಮೈಸೂರು ಸಂಸ್ಥಾನಕ್ಕೆ ಸೇರಿದೆವು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದೆವು, 2018ರಲ್ಲಿ ಬಳ್ಳಾರಿಗೆ ಮರಳಿದೆವು, 2021ರಿಂದ ವಿಜಯನಗರ ಜಿಲ್ಲೆಯವರಾದೆವು. ಜಿಲ್ಲೆ ಮೂರು ಸಲ ಬದಲಾದರೂ ಆ ಹಳೆಯ ಕಾಯಿದೆ ಮಾತ್ರ ಇಂದಿಗೂ ಜಾರಿಯಲ್ಲಿದೆ. ಅದರ 8ನೆಯ ಕಲಮಿನ ಪ್ರಕಾರ, ಅಪ್ರಾಪ್ತವಯಸ್ಕ ಮಗುವಿನ ಸಂರಕ್ಷಕರನ್ನು ನೇಮಿಸಬೇಕೆಂದು ಆ ಮಗುವಿನ ಬಂಧುವಾಗಲಿ ಮಿತ್ರನಾಗಲಿ ಅರ್ಜಿ ಕೊಡಬಹುದು. ಅಜ್ಜ-ಅಜ್ಜಿಯರು ಬಂಧುಗಳೆಂಬುದರಲ್ಲಿ ಸಂದೇಹವಿಲ್ಲ. 12ನೆಯ ಕಲಮಿನಂತೆ ವಿಚಾರಣೆ ಮುಗಿಯುವವರೆಗೆ ಮಗುವಿನ ತಾತ್ಕಾಲಿಕ ರಕ್ಷಣೆಗಾಗಿ ಆಜ್ಞೆ ಕೇಳಬಹುದು. 17ನೆಯ ಕಲಮು ನ್ಯಾಯಾಧೀಶರು ನೋಡತಕ್ಕ ಸಂಗತಿಗಳನ್ನು ಎಣಿಸುತ್ತದೆ: ಮಗುವಿನ ವಯಸ್ಸು, ಲಿಂಗ, ಧರ್ಮ; ಸಂರಕ್ಷಕನಾಗಲು ಬಂದವನ ನಡತೆ, ಸಾಮರ್ಥ್ಯ; ಮಗುವಿಗೆ ಅವನು ಎಷ್ಟು ಹತ್ತಿರದ ಬಂಧು; ಮಗುವಿನೊಡನೆ ಅವನಿಗೆ ಇದುವರೆಗೆ ಇದ್ದ ಸಂಬಂಧವೆಂಥದು. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು. ಆದರೆ 19ನೆಯ ಕಲಮು ಒಂದು ಬೇಲಿಯನ್ನು ಹಾಕಿದೆ. ತಂದೆ ಜೀವಂತನಾಗಿದ್ದು ಅಯೋಗ್ಯನಲ್ಲದಿದ್ದರೆ ಬೇರೊಬ್ಬರನ್ನು ಸಂರಕ್ಷಕರನ್ನಾಗಿ ನೇಮಿಸಲಾಗದು. 2010ರ ತಿದ್ದುಪಡಿಯಿಂದ ಈ ಸ್ಥಾನ ತಾಯಿಗೂ ದೊರೆತಿದೆ.

ಎರಡನೆಯದು 1955ರ ಹಿಂದೂ ವಿವಾಹ ಕಾಯಿದೆ, ಮೂರನೆಯದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಸಂರಕ್ಷಕತ್ವ ಕಾಯಿದೆ. ಇವೆರಡರಲ್ಲಿಯೂ ವೀರಶೈವರು, ಲಿಂಗಾಯತರು ಎಂಬ ಹೆಸರುಗಳನ್ನೇ ಎತ್ತಿ ಹೇಳಿ ನಮ್ಮನ್ನು ವ್ಯಾಪ್ತಿಯೊಳಕ್ಕೆ ಸೇರಿಸಲಾಗಿದೆ. ಇದು ಕಾಯಿದೆಯ ವ್ಯಾಪ್ತಿಯ ಮಾತು. ಧರ್ಮವಿಚಾರದ ಚರ್ಚೆ ಇಲ್ಲಿ ಪ್ರಕೃತವಲ್ಲ. ವಿವಾಹ ಕಾಯಿದೆಯ 26ನೆಯ ಕಲಮಿನಂತೆ, ವಿಚ್ಛೇದನದ ಮೊಕದ್ದಮೆ ನಡೆಯುವಾಗಲೂ ತೀರ್ಪಿನ ತರುವಾಯವೂ ಮಕ್ಕಳ ಸುಪರ್ದು, ಪೋಷಣೆ, ವಿದ್ಯಾಭ್ಯಾಸಗಳ ವಿಷಯವಾಗಿ ಆಜ್ಞೆ ಮಾಡಬಹುದು, ಮಾಡಿದ ಆಜ್ಞೆಯನ್ನು ಮಾರ್ಪಡಿಸಲೂಬಹುದು. ಆ ಮೊಕದ್ದಮೆಯ ಪಕ್ಷಕಾರರು ಗಂಡಹೆಂಡಿರು ಮಾತ್ರ. ಆದುದರಿಂದ ಅಲ್ಲಿ ಹಿರಿಯರ ಮಾತು ಅವರ ಮಗನ ಅಥವಾ ಮಗಳ ಬಾಯಿಂದಲೇ ಬರಬೇಕು. 1956ರ ಕಾಯಿದೆಯ 6ನೆಯ ಕಲಮು ತಂದೆಯನ್ನೂ ಅವನ ನಂತರ ತಾಯಿಯನ್ನೂ ಸಹಜ ಸಂರಕ್ಷಕರೆಂದು ಹೇಳಿ, 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದು ವಿಧಿಸಿದೆ. "ಅವನ ನಂತರ" ಎಂದರೆ ಅವನು ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲವೆಂದು ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ತೀರ್ಮಾನಿಸಿತು. ಈ ಕಾಯಿದೆಯ 13ನೆಯ ಕಲಮೇ ಎಲ್ಲಕ್ಕೂ ಕಳಶ: ಮಗುವಿನ ಹಿತವೇ ಪರಮೋಚ್ಚ. ಆ ಹಿತಕ್ಕೆ ಒದಗದವನು ತಂದೆಯಾದರೇನು, ಅಜ್ಜನಾದರೇನು, ಅವನಿಗೆ ಸಂರಕ್ಷಕತ್ವದ ಹಕ್ಕಿಲ್ಲ.

ನಾಲ್ಕನೆಯದು 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆ. ಅದರ 7ನೆಯ ಕಲಮಿನಲ್ಲಿ ಮಗುವಿನ ಸಂರಕ್ಷಕತ್ವ, ಸುಪರ್ದು ಇವುಗಳ ಜೊತೆಗೆ ಮಗುವನ್ನು ಕಾಣುವ ಅವಕಾಶದ ವ್ಯಾಜ್ಯಗಳೂ ಆ ನ್ಯಾಯಾಲಯದ ಅಧಿಕಾರಕ್ಕೆ ಸೇರಿವೆಯೆಂದು ಹೇಳಿದೆ. ಕುಟುಂಬ ನ್ಯಾಯಾಲಯವಿಲ್ಲದ ಕಡೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕು. ಮೊದಲು ರಾಜಿಗೆ ಪ್ರಯತ್ನಿಸತಕ್ಕದ್ದು ಅಲ್ಲಿಯ ನ್ಯಾಯಾಧೀಶರ ಕರ್ತವ್ಯವೆಂದು 9ನೆಯ ಕಲಮು ವಿಧಿಸಿದೆ. ಒಂದು ಕಷ್ಟವನ್ನು ಇಲ್ಲಿಯೇ ಹೇಳಬೇಕು. ಅರ್ಜಿಯನ್ನು ಕೊಡಬೇಕಾದುದು ಹಿರಿಯರ ಊರಿನಲ್ಲಲ್ಲ, ಮಗು ಸಾಮಾನ್ಯವಾಗಿ ವಾಸಮಾಡುವ ಸ್ಥಳದ ನ್ಯಾಯಾಲಯದಲ್ಲಿ. ಮಗು ಬೆಂಗಳೂರಿನಲ್ಲಿದ್ದರೆ ಬಾಗಳಿಯ ಮುದುಕರು ಸುಮಾರು 300 ಕಿಲೋಮೀಟರು ಪ್ರಯಾಣಮಾಡಿ ವಾಯಿದೆಗೆ ಹಾಜರಾಗಬೇಕು. ಖರ್ಚಿಗೆ ಹೆದರುವವರು ಇದನ್ನು ತಿಳಿದಿರಲಿ: 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುವುದು. ಅಜ್ಜಿಯು ತಾಲ್ಲೂಕಿನ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು. 15100 ಎಂಬ ದೂರವಾಣಿಗೆ ಕರೆಮಾಡಿಯೂ ವಿಚಾರಿಸಬಹುದು.

ಕಾಯಿದೆಯ ಅಕ್ಷರ ಹೀಗಿದ್ದರೆ, ನ್ಯಾಯಾಲಯಗಳು ಅದನ್ನು ನಡೆಸಿದ ಬಗೆಯೇನೆಂಬುದನ್ನು ನಾಲ್ಕು ತೀರ್ಪುಗಳಿಂದ ತಿಳಿಸುತ್ತೇನೆ. ಇವು ಬಹುಮಟ್ಟಿಗೆ ತಾಯಿ ಇಲ್ಲವೇ ತಂದೆತಾಯಿಗಳಿಬ್ಬರೂ ತೀರಿಕೊಂಡ ಮಕ್ಕಳ ವ್ಯಾಜ್ಯಗಳು. ಆದರೂ ವಿಚ್ಛೇದನದ ಮಕ್ಕಳಿಗೂ ಅಳತೆಗೋಲು ಇದೇ. ಪಕ್ಷಕಾರರ ಹೆಸರು ನಮಗೆ ಬೇಡ. 2008ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಬ್ಬ ಚಿಕ್ಕ ಹುಡುಗನ ಮೊಕದ್ದಮೆ ಬಂದಿತು. ಅವನ ತಾಯಿ ಸತ್ತಿದ್ದಳು. ಆ ಸಾವಿನ ಸಂಬಂಧವಾಗಿ ತಂದೆಯ ಮೇಲೆಯೇ ಆಪಾದನೆಯಿದ್ದಿತು. ಹುಡುಗನು ತಾಯಿಯ ತಂದೆತಾಯಿಗಳ ಬಳಿ ಇದ್ದನು, ಅಲ್ಲಿಯೇ ಇರುವೆನೆಂದನು. ಇವೆರಡನ್ನೂ ಲೆಕ್ಕಿಸದೆ ತಂದೆಗೆ ಒಪ್ಪಿಸಬೇಕೆಂದು ಕೆಳಗಿನ ನ್ಯಾಯಾಲಯಗಳು ಕೊಟ್ಟಿದ್ದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ರದ್ದುಮಾಡಿತು. 2010ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ, ತಾಯಿ ತೀರಿಕೊಂಡು ತಂದೆ ಮರುಮದುವೆಯಾದ ಮೇಲೆ, ಮಕ್ಕಳು ವಿಚಾರಣೆ ಮುಗಿಯುವವರೆಗೆ ತಾಯಿಯ ತಂದೆ ಮತ್ತು ಚಿಕ್ಕಮ್ಮ-ದೊಡ್ಡಮ್ಮಂದಿರ ಬಳಿಯಲ್ಲಿಯೇ ಇರಬಹುದೆಂದು ತೀರ್ಪಾಯಿತು. 2022ರಲ್ಲಿ, ಹಿಂದಿನ ವರ್ಷದ ಕೊರೋನಾ ಪಿಡುಗಿನಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಗುಜರಾತಿನ ಒಬ್ಬ ಹುಡುಗನನ್ನು ತಂದೆಯ ತಂದೆತಾಯಿಗಳಿಗೆ ಒಪ್ಪಿಸಲಾಯಿತು. ಅಜ್ಜನಿಗೆ 71 ವರ್ಷ, ಅಜ್ಜಿಗೆ 63 ವರ್ಷ. ವಯಸ್ಸು, ಆದಾಯ, ಮನೆಯಲ್ಲಿರುವ ಜನರ ಸಂಖ್ಯೆ ಇವಿಷ್ಟರಿಂದಲೇ ತಕ್ಕಡಿಯನ್ನು ತೂಗಲಾಗದೆಂದು ನ್ಯಾಯಾಲಯ ಹೇಳಿತು. ಇದಕ್ಕೆ ಪ್ರತಿಯಾಗಿ 2019ರ ಮತ್ತೊಂದು ತೀರ್ಪನ್ನೂ ಹೇಳದಿದ್ದರೆ ನಾನು ನಿಮ್ಮನ್ನು ವಂಚಿಸಿದಂತಾಗುವುದು. ತಾಯಿ ಕ್ಯಾನ್ಸರಿನಿಂದ ತೀರಿಕೊಂಡು ತಾಯಿಯ ಕಡೆಯ ಬಂಧುಗಳು ಅಕ್ಕರೆಯಿಂದ ಸಾಕುತ್ತಿದ್ದ ಕೂಸನ್ನು, ತಂದೆ ಯೋಗ್ಯನಾಗಿದ್ದುದರಿಂದ ತಂದೆಗೇ ಒಪ್ಪಿಸಿ, ಬಂಧುಗಳಿಗೆ ಕೂಸನ್ನು ಕಾಣುವ ಅವಕಾಶವನ್ನು ಮಾತ್ರ ಇಡಲಾಯಿತು.

ಈ ನಾಲ್ಕನ್ನೂ ಕೂಡಿಸಿ ನೋಡಿದರೆ ಒಂದು ತತ್ತ್ವ ಕಾಣುವುದು. ಹಿರಿಯರು ಗೆದ್ದಲ್ಲಿ ಅವರು ಹಿರಿಯರೆಂದು ಗೆಲ್ಲಲಿಲ್ಲ; ಮಗುವಿಗೆ ಅವರು ಬೇಕಾಗಿದ್ದರೆಂದು ಗೆದ್ದರು. ಯೋಗ್ಯರಾದ ತಂದೆಯೋ ತಾಯಿಯೋ ಇರುವಾಗ ಸುಪರ್ದನ್ನು ಕೇಳುವುದು ಬಹುಮಟ್ಟಿಗೆ ವ್ಯರ್ಥ. ಭೇಟಿಯನ್ನು ಕೇಳುವುದು ವ್ಯರ್ಥವಲ್ಲ.

ಪರದೇಶಗಳಲ್ಲಿ ಹೇಗಿದೆಯೆಂದು ಕೆಲವರು ಕೇಳುವುದುಂಟು. ಫ್ರಾನ್ಸ್ ದೇಶದ ಸಿವಿಲ್ ಸಂಹಿತೆಯ 371-4ನೆಯ ವಿಧಿಯು, ತನ್ನ ಅಜ್ಜ-ಅಜ್ಜಿಯರೊಡನೆ ಸಂಬಂಧವನ್ನು ಇಟ್ಟುಕೊಳ್ಳುವ ಹಕ್ಕು ಮಗುವಿಗೆ ಉಂಟೆಂದೂ, ಮಗುವಿನ ಹಿತವೊಂದೇ ಅದಕ್ಕೆ ಅಡ್ಡಿಯಾಗಬಹುದೆಂದೂ ಹೇಳುತ್ತದೆ. ಹಕ್ಕು ಹಿರಿಯರದಲ್ಲ, ಮಗುವಿನದು ಎಂಬುದನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ 1989ರ ಮಕ್ಕಳ ಕಾಯಿದೆಯಂತೆ ಅಜ್ಜ-ಅಜ್ಜಿಯರು ಸಾಮಾನ್ಯವಾಗಿ ಅರ್ಜಿ ಹಾಕುವುದಕ್ಕೇ ಮೊದಲು ನ್ಯಾಯಾಲಯದ ಅನುಮತಿಯನ್ನು ಪಡೆಯಬೇಕು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ, ಯೋಗ್ಯಳಾದ ತಾಯಿಯ ತೀರ್ಮಾನಕ್ಕೆ ವಿಶೇಷ ಬೆಲೆ ಕೊಡದೆ ಅಜ್ಜ-ಅಜ್ಜಿಯರಿಗೆ ಭೇಟಿಯನ್ನು ಕೊಡಿಸಿದ ಆಜ್ಞೆಯನ್ನು ತಳ್ಳಿಹಾಕಿತು. ನಮ್ಮ ದೇಶದ ಕಾನೂನು ಆಯೋಗವು 2015ರ ಮೇ ತಿಂಗಳಿನ ತನ್ನ 257ನೆಯ ವರದಿಯಲ್ಲಿ ಸುಪರ್ದಿನ ಕಾಯಿದೆಗಳನ್ನು ಸುಧಾರಿಸಬೇಕೆಂದು ಶಿಫಾರಸು ಮಾಡಿ, ಮಗು ಅಜ್ಜ-ಅಜ್ಜಿಯರೊಡನೆ ಕಳೆಯತಕ್ಕ ಕಾಲದ ವಿಷಯವನ್ನೂ ಅದರಲ್ಲಿ ಸೇರಿಸಿತು. ಅದು ಕಾಯಿದೆಯಾಗಿ ಬರಲಿಲ್ಲ. ವಿಚಿತ್ರವೇನೆಂದರೆ, 2007ರ ಹಿರಿಯ ನಾಗರಿಕರ ಕಾಯಿದೆಯಂತೆ ಪ್ರಾಪ್ತವಯಸ್ಕನಾದ ಮೊಮ್ಮಗನಿಂದ ಅಜ್ಜ-ಅಜ್ಜಿಯರು ಜೀವನಾಂಶವನ್ನು ಕೇಳಬಹುದು. ದೊಡ್ಡವನಾದ ಮೇಲೆ ಅನ್ನವನ್ನು ಕೇಳುವ ಹಕ್ಕುಂಟು. ಚಿಕ್ಕವನಾಗಿದ್ದಾಗ ಮುಖವನ್ನು ಕಾಣುವ ಹಕ್ಕು ಬರಹದಲ್ಲಿಲ್ಲ. ಈ ಕೊರತೆಯನ್ನು ಶಾಸನಸಭೆಗಳು ತುಂಬಿಕೊಡಬೇಕೆಂಬುದು ನನ್ನ ಅಭಿಪ್ರಾಯ.

ಇಷ್ಟು ಹೇಳಿ ಕುಳಿತಿದ್ದರೆ ವಕೀಲನ ಕೆಲಸ ಮುಗಿಯುತ್ತಿತ್ತು. ಆದರೆ ಶ್ರೀಗಳ ಸನ್ನಿಧಿಯಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದೆ ಮಾತು ಮುಗಿಸಲಾರೆ.

ಕೆಲವು ವರ್ಷಗಳ ಹಿಂದೆ ಈ ತಾಲ್ಲೂಕಿನ ಒಂದು ಹಳ್ಳಿಯಿಂದ ವೃದ್ಧ ದಂಪತಿಗಳು ನನ್ನಲ್ಲಿಗೆ ಬಂದರು. ಮಗ-ಸೊಸೆ ಒಪ್ಪಿಗೆಯಿಂದ ವಿಚ್ಛೇದನವನ್ನು ಪಡೆದಿದ್ದರು. ಮಗನು ಬೇರೆ ಮದುವೆಯಾಗಿ ದೂರದೇಶಕ್ಕೆ ಹೋಗಿದ್ದನು. ತಿಂಗಳಿಗೊಮ್ಮೆ ಮಗಳನ್ನು ನೋಡುವ ಅವಕಾಶ ಅವನಿಗಿದ್ದರೂ ಅದನ್ನು ಅವನು ಬಳಸಿಕೊಳ್ಳಲಿಲ್ಲ. ಹುಡುಗಿ ಮೂರು ವರ್ಷದವಳಾಗುವವರೆಗೆ ಅಜ್ಜಿಯ ಮಡಿಲಲ್ಲಿ ಬೆಳೆದವಳು. ಈಗ ತಾಯಿಯೊಡನೆ ಬೇರೆ ಊರಿನಲ್ಲಿದ್ದಳು. ಮುದುಕರು ನ್ಯಾಯ ಕೇಳಿದರು. ನಾನು ಅರ್ಜಿಯನ್ನು ಬರೆದೆನು. 11 ಪುಟಗಳ ಅರ್ಜಿ. ಅದರಲ್ಲಿ ಮಗುವಿನ ಮಾತು 2 ಪುಟ, ಉಳಿದ 9 ಪುಟ ತಾಯಿಯ ನಿಂದೆ. ಹಾಗೆ ಬರೆಯುವುದು ನಮ್ಮ ವೃತ್ತಿಯಲ್ಲಿ ಬಲವಾದ ಅರ್ಜಿಯೆನ್ನಿಸಿಕೊಳ್ಳುತ್ತದೆ. ಅಜ್ಜಿ ಓದು ಬಾರದವಳು, ಹೆಬ್ಬೆಟ್ಟನ್ನು ಒತ್ತಿದಳು.

ನ್ಯಾಯಾಲಯವು ತಿಂಗಳಿಗೆ ಒಂದು ಶನಿವಾರ ಎರಡು ಗಂಟೆ ಭೇಟಿಗೆ ಅವಕಾಶ ಕೊಟ್ಟಿತು. ನಾವು ಗೆದ್ದೆವೆಂದು ನಾನು ಹಿಗ್ಗಿದೆನು. ಮೊದಲ ಭೇಟಿಗೆ ಅಜ್ಜಿ ಶೇಂಗಾ ಉಂಡೆಯನ್ನು ಕಟ್ಟಿಕೊಂಡು ಹೋದಳು. ಹುಡುಗಿ ಅದನ್ನು ಮುಟ್ಟಲಿಲ್ಲ. ತಾಯಿಯ ಸೆರಗು ಬಿಡಲಿಲ್ಲ. "ನಿಮ್ಮವ್ವ ನಮ್ಮ ಸುದ್ದಿ ಏನಂತ ಹೇಳ್ಯಾಳ?" ಎಂದು ಅಜ್ಜಿ ಕೇಳಿದಳಂತೆ. ಮಗು ಬಾಯಿಮುಚ್ಚಿತು. ಮೂರನೆಯ ತಿಂಗಳಿಗೆ ತಾನು ಬರುವುದಿಲ್ಲವೆಂದಿತು. ಮಗುವಿನ ಇಚ್ಛೆಯೂ ಕಾಯಿದೆಗೆ ಪ್ರಮಾಣವೆಂದು ಈಗತಾನೇ ಹೇಳಿದೆನಷ್ಟೆ. ನನ್ನ ಗೆಲುವು ಅಲ್ಲಿಗೆ ತೀರಿತು.

ಆಮೇಲೆ ಅಜ್ಜಿ ನನಗೆ ತಿಳಿಸದೆಯೇ ಒಬ್ಬಳೇ ಬಸ್ಸು ಹತ್ತಿ ಹಳೆಯ ಸೊಸೆಯ ಮನೆಗೆ ಹೋದಳು. ಸೊಸೆ ಬಾಗಿಲು ತೆರೆದಳು, ನೀರು ಕೊಟ್ಟಳು. ಬಳಿಕ ಪೆಟ್ಟಿಗೆಯಿಂದ ನನ್ನ ಅರ್ಜಿಯ ಪ್ರತಿಯನ್ನು ತೆಗೆದು, "ಅತ್ತೀ, ಇದರಾಗ ಬರದದ್ದೆಲ್ಲ ನಿಮ್ಮ ಮಾತೇನು?" ಎಂದಳು. "ನನಗೆ ಓದಾಕ ಬರಲ್ಲವ್ವ, ನೀನ ಓದು" ಎಂದಳು ಅಜ್ಜಿ. ಸೊಸೆ ತನ್ನ ಮೇಲಿನ ಆ 9 ಪುಟಗಳನ್ನು ತಾನೇ ಓದಿ ಹೇಳಿದಳು. ಅಜ್ಜಿ ಕೊನೆಯವರೆಗೂ ಕೇಳಿ, "ಇದರಾಗ ಕೆಲವು ನಾನು ಸಿಟ್ಟಿನಾಗ ಅಂದದ್ದು ಖರೇ. ಉಳಿದದ್ದು ನಾನು ಅಂದಿಲ್ಲ. ಆದರ ಹೆಬ್ಬಟ್ಟು ಒತ್ತಿದಾಕಿ ನಾನ. ತಪ್ಪಾತು" ಎಂದಳು.

ಮರುವಾರ ಆಕೆ ನನ್ನ ಕಚೇರಿಗೆ ಬಂದು ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಹೇಳಿ, ನಡೆದುದನ್ನೆಲ್ಲ ತಿಳಿಸಿದಳು. ನನ್ನನ್ನು ಒಂದು ಮಾತನ್ನೂ ಬೈಯಲಿಲ್ಲ. ಆ ವರ್ಷದ ಮಾಘದಲ್ಲಿ ಕೊಟ್ಟೂರಿನ ತೇರಿಗೆ ಹುಡುಗಿಯನ್ನು ತಾಯಿಯೇ ಕರೆತಂದು ಅಜ್ಜ-ಅಜ್ಜಿಯರ ಬಳಿ ಎರಡು ದಿನ ಬಿಟ್ಟುಹೋದಳೆಂದು ತರುವಾಯ ಕೇಳಿದೆನು. ನ್ಯಾಯಾಲಯದ ಆಜ್ಞೆಯಿಂದ ತಿಂಗಳಿಗೆ ಎರಡು ಗಂಟೆ ದೊರಕಿದ್ದಿತು. ತಪ್ಪೊಪ್ಪಿಗೆಯಿಂದ ಎರಡು ದಿನ ದೊರಕಿತು. ಅಂದಿನಿಂದ ನಾನು ಇಂಥ ಅರ್ಜಿಗಳಲ್ಲಿ ಎದುರುಪಕ್ಷದ ನಿಂದೆಯನ್ನು ಬರೆಯುವುದನ್ನು ಬಿಟ್ಟೆನು.

ಆದರೆ ತಾವು ಇದರಿಂದ ನ್ಯಾಯಾಲಯಕ್ಕೆ ಹೋಗಲೇಬಾರದೆಂದು ತಿಳಿಯಬಾರದು. ಮಗುವಿಗೆ ಹೊಡೆತ ಬಡಿತವಾಗುತ್ತಿದ್ದರೆ, ಊಟ ಶಾಲೆಗಳು ತಪ್ಪಿದ್ದರೆ, ತಂದೆತಾಯಿಗಳಿಬ್ಬರೂ ಅದನ್ನು ಕೈಬಿಟ್ಟಿದ್ದರೆ, ಒಂದು ದಿನವೂ ತಡಮಾಡದೆ ಹೋಗಬೇಕು. ಅಲ್ಲಿ ಸುಮ್ಮನಿರುವುದು ಸಹನೆಯಲ್ಲ, ಅಪರಾಧ. ಹಾಗೆಯೇ ವಿನಯದಿಂದ ಕೇಳಿಯೂ ವರ್ಷಗಟ್ಟಲೆ ಬಾಗಿಲು ಮುಚ್ಚಿದವರ ವಿಷಯದಲ್ಲಿ ಭೇಟಿಯ ಅರ್ಜಿಯನ್ನು ಕೊಡುವುದು ನ್ಯಾಯವೇ ಆಗಿದೆ. ನನ್ನ ಮಾತಿಷ್ಟೆ: ಅರ್ಜಿಯಲ್ಲಿ ಮಗುವಿನ ಹೆಸರು ಮೊದಲು ಬರಲಿ, ನಮ್ಮ ಮಾನಾಪಮಾನ ಕೊನೆಗೂ ಬಾರದಿರಲಿ.

ಹಿರಿಯರಲ್ಲಿ ನನ್ನ ಬಿನ್ನಹಗಳು ಇವು. ಮಕ್ಕಳು ಒಪ್ಪಿಗೆಯಿಂದ ಬೇರೆಯಾಗುವಾಗ, ವಿವಾಹ ಕಾಯಿದೆಗೆ 1976ರಲ್ಲಿ ಸೇರಿದ 13-ಬಿ ಕಲಮಿನಂತೆ ಅರ್ಜಿಯಾಗುತ್ತದೆ. ಅದರೊಡನೆ ಕರಾರುಗಳನ್ನು ಬರೆಯುತ್ತಾರೆ. ಚಿನ್ನ, ಹಣ, ಪಾತ್ರೆಗಳನ್ನು ಎಣಿಸಿ ಬರೆಯುವ ಆ ಕಾಗದದಲ್ಲಿಯೇ, ದಸರೆಗೋ ಬೇಸಿಗೆಯ ರಜೆಗೋ ಜಾತ್ರೆಗೋ ಮಗು ಎರಡೂ ಕಡೆಯ ಅಜ್ಜ-ಅಜ್ಜಿಯರನ್ನು ಕಾಣತಕ್ಕದ್ದೆಂದು ಒಂದು ಸಾಲನ್ನು ಬರೆಸಿರಿ. ಆಗ ಒಂದು ಸಾಲಿನಿಂದ ಆಗುವುದು ಮುಂದೆ ಹತ್ತು ವಾಯಿದೆಗಳಿಂದ ಆಗುವುದಿಲ್ಲ. ಎರಡನೆಯದಾಗಿ, ಮಗುವಿನ ಮುಂದೆ ಅದರ ತಾಯಿಯನ್ನಾಗಲಿ ತಂದೆಯನ್ನಾಗಲಿ ಹಳಿಯಬೇಡಿರಿ. ಅವರಿಬ್ಬರ ರಕ್ತವೂ ಆ ಮಗುವಿನಲ್ಲಿದೆ. ಒಬ್ಬರನ್ನು ಹಳಿದರೆ ಮಗುವಿನ ಅರ್ಧವನ್ನು ಹಳಿದಂತೆ. ಮೂರನೆಯದಾಗಿ, ದೂರವಿರುವ ಮಗುವಿನೊಡನೆ ಮೊಬೈಲಿನಲ್ಲಿ ಮುಖ ನೋಡಿ ಮಾತನಾಡುವ ಅನುಕೂಲ ಇಂದು ಹಳ್ಳಿಹಳ್ಳಿಗೂ ಬಂದಿದೆ. ತಂದೆತಾಯಿಗಳ ವಿಷಯದಲ್ಲಿ ಇಂಥ ಸಂಪರ್ಕವೂ ಮುಖ್ಯವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಹೇಳಿದೆ. ವಾರಕ್ಕೆ ಹತ್ತು ನಿಮಿಷವಾದರೂ ಸರಿ, ಅದನ್ನು ಕೇಳಿಕೊಳ್ಳಿರಿ. ಬಹಳ ಕೇಳಿ ಇಲ್ಲವೆನ್ನಿಸಿಕೊಳ್ಳುವುದಕ್ಕಿಂತ ಸ್ವಲ್ಪ ಕೇಳಿ ಉಳಿಸಿಕೊಳ್ಳುವುದು ಮೇಲು.

ಬೇರೆಯಾದ ತರುಣ ತಂದೆತಾಯಿಗಳಲ್ಲಿಯೂ ಒಂದು ಮಾತು. ನಿಮ್ಮ ಗಂಡನೊಡನೆ ಅಥವಾ ಹೆಂಡತಿಯೊಡನೆ ನಿಮ್ಮ ಸಂಬಂಧವನ್ನು ನ್ಯಾಯಾಲಯ ಕಡಿದಿರಬಹುದು. ಮಗುವಿಗೂ ಅದರ ಅಜ್ಜಿಗೂ ಇರುವ ಸಂಬಂಧವನ್ನು ಯಾವ ತೀರ್ಪೂ ಕಡಿದಿಲ್ಲ. ಮನೆ ಎರಡಾದ ಮಗುವಿಗೆ ಪ್ರೀತಿಸುವವರ ಸಂಖ್ಯೆಯನ್ನು ಕಡಿಮೆ ಮಾಡುವುದರಿಂದ ನಿಮಗೆ ಬರುವ ಲಾಭವಾದರೂ ಏನು?

ಕೊನೆಯದಾಗಿ ಶ್ರೀಮಠದ ಪಾದಕ್ಕೆ ಒಂದು ಅರಿಕೆ. ಹಿಂದೆ ಇಂಥ ವ್ಯಾಜ್ಯಗಳು ಪಂಚರ ಸಮಕ್ಷಮದಲ್ಲಿ, ಮಠದ ಅಂಗಳದಲ್ಲಿ ತೀರುತ್ತಿದ್ದುವು. ನೆರೆಯ ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಭಕ್ತರ ವ್ಯಾಜ್ಯಗಳನ್ನು ಆಲಿಸಿ ರಾಜಿ ಮಾಡಿಸುವ ಪದ್ಧತಿ ನಡೆದುಬಂದಿರುವುದನ್ನು ತಾವೆಲ್ಲ ಬಲ್ಲಿರಿ. ನಾನು ಕೇಳುವುದು ಅಷ್ಟು ದೊಡ್ಡದಲ್ಲ. ಬೇರೆಯಾದ ಮನೆಗಳವರು ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯಲಾರರು. ನ್ಯಾಯಾಲಯದ ಮೊಗಸಾಲೆಯಲ್ಲಿ ಮಗು ಹೆದರುತ್ತದೆ. ಮಠವು ಇಬ್ಬರಿಗೂ ಸೇರಿದ ಸ್ಥಳ, ಯಾರೊಬ್ಬರದೂ ಅಲ್ಲದ ಸ್ಥಳ. ಪ್ರತಿ ಅಮಾವಾಸ್ಯೆಯ ದಿನ ದಾಸೋಹದ ವೇಳೆಯಲ್ಲಿ ಇಂಥ ಮಕ್ಕಳು ತಮ್ಮ ಅಜ್ಜ-ಅಜ್ಜಿಯರನ್ನು ಕಾಣುವುದಕ್ಕೆ ಪ್ರಸಾದನಿಲಯದ ಒಂದು ಪಡಸಾಲೆಯನ್ನು ಬಿಟ್ಟುಕೊಡಬೇಕು. ತಾಯಿಯೋ ತಂದೆಯೋ ಮಗುವನ್ನು ಕರೆತಂದು ಒಪ್ಪಿಸಲಿ. ಹಿರಿಯರು ಅದರೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣಲಿ. ವೇಳೆಗೆ ಸರಿಯಾಗಿ ಮರಳಿ ಒಪ್ಪಿಸಲಿ. ಅಲ್ಲಿ ಹಳೆಯ ಜಗಳವನ್ನು ಎತ್ತಕೂಡದೆಂಬುದೊಂದೇ ಕಟ್ಟಳೆ. ನ್ಯಾಯಾಲಯದ ಆಜ್ಞೆ ಇದ್ದವರು ಅದರಂತೆಯೇ ನಡೆಯಬೇಕು. ಇದು ಆಜ್ಞೆಯನ್ನು ಮೀರುವ ದಾರಿಯಲ್ಲ. ಆಜ್ಞೆಯಿಲ್ಲದವರಿಗೆ ಇದು ಆಸರೆಯಾದೀತು. ಇದಕ್ಕೆ ಬೇಕಾದ ಕಾಗದಪತ್ರಗಳ ಸಲಹೆಯನ್ನು ನಾನು ಬದುಕಿರುವವರೆಗೆ ಪ್ರತಿಫಲವಿಲ್ಲದೆ ಕೊಡುವೆನೆಂದು ಈ ಸಭೆಯಲ್ಲಿ ಮಾತು ಕೊಡುತ್ತೇನೆ. ಆ 9 ಪುಟಗಳಿಗೆ ನಾನು ತೆರಬೇಕಾದ ಸಾಲವೂ ಅದೇ ಆಗಿದೆ.

ಮಹೋತ್ಸವವೆಂದರೆ ಕಳೆದ ವರ್ಷಗಳ ಎಣಿಕೆಯಷ್ಟೇ ಅಲ್ಲ. ಮಠದ ಅಂಗಳಕ್ಕೆ ಮುಂದೆ ಬರಬೇಕಾದ ಮಕ್ಕಳ ಯೋಚನೆಯೂ ಅದರಲ್ಲಿ ಸೇರಿದೆ. ಅಧಿಕಾರ ಸವೆದು ಮಮತೆ ಉಳಿದವನು ಅಜ್ಜನೆಂದು ಆರಂಭದಲ್ಲಿ ಹೇಳಿದೆನು. ಕಾಯಿದೆಯೂ ನಮ್ಮಲ್ಲಿ ನೋಡುವುದು ಅದನ್ನೇ. ಮಗು ನಮ್ಮದೆಂದು ಸಾಧಿಸಲು ಹೋಗದೆ, ನಾವು ಮಗುವಿಗೆ ಬೇಕಾದವರೆಂದು ನಡೆದು ತೋರಿಸೋಣ.